ಎಂಜಿನ್ ಕೆಟ್ಟಾಗ ತೀರ್ಪು ಯಾರ ಕೈಯಲ್ಲಿ?

ಕಾರು ಕಂಪನಿಗಳ ಜಾಹೀರಾತಿನಲ್ಲಿ ಈಗ ಮೈಲೇಜಿನಷ್ಟೇ ದಪ್ಪ ಅಕ್ಷರದಲ್ಲಿ ಕಾಣುವುದು ವಾರಂಟಿ. ಬಹುಕಾಲ 2 ವರ್ಷ ಅಥವಾ 40,000 ಕಿ.ಮೀ.ಗೆ ನಿಂತಿದ್ದ ಮಾರುತಿ ಸುಜುಕಿ 2024ರ ಜುಲೈನಲ್ಲಿ ಅದನ್ನು 3 ವರ್ಷ ಅಥವಾ 1 ಲಕ್ಷ ಕಿ.ಮೀ.ಗೆ ಏರಿಸಿತು. ಮೇಲೆ ಒಂದಿಷ್ಟು ಹಣ ಕಟ್ಟಿದರೆ ಇನ್ನೂ ಎರಡು ಮೂರು ವರ್ಷ ವಿಸ್ತರಿಸಿಕೊಡುವ ಯೋಜನೆಗಳು ಎಲ್ಲ ಶೋರೂಂಗಳಲ್ಲೂ ಇವೆ. ಸಾಲ ಮಾಡಿ ಕಾರು ಕೊಳ್ಳುವ ಕುಟುಂಬಕ್ಕೆ ಇದರಿಂದ ಧೈರ್ಯ ಬರುವುದು ಸಹಜ. ಆದರೆ ಎಂಜಿನ್‌ನಂಥ ದುಬಾರಿ ಭಾಗ ಕೈಕೊಟ್ಟಾಗ ವರ್ಷಗಳ ಲೆಕ್ಕ ಅಷ್ಟಾಗಿ ಕೆಲಸಕ್ಕೆ ಬರುವುದಿಲ್ಲ. ಎಂಜಿನ್‌ನಲ್ಲಿ ದೋಷ ಇದೆಯೋ ಇಲ್ಲವೋ, ಇದ್ದರೆ ಅದು ಯಾರಿಂದ ಆಯಿತು, ಮಾಡಿದ ರಿಪೇರಿ ಸರಿಯಾಗಿದೆಯೋ ಇಲ್ಲವೋ ಎಂಬ ಮೂರು ಪ್ರಶ್ನೆಗಳು ಆಗ ಎದುರಾಗುತ್ತವೆ. ನಮ್ಮಲ್ಲಿ ಈ ಮೂರಕ್ಕೂ ಉತ್ತರ ಕೊಡುವವರು ರಿಪೇರಿಯ ಖರ್ಚು ಹೊರಬೇಕಾದವರೇ. ವಾರಂಟಿ ಇರುವಾಗಲೂ ಮಾಲೀಕರು ತಿಂಗಳುಗಟ್ಟಲೆ ಸರ್ವಿಸ್ ಸೆಂಟರಿಗೆ ಅಲೆಯುವುದಕ್ಕೆ ಮೂಲ ಕಾರಣ ಇದು. ಇದನ್ನು ಬದಲಾಯಿಸದೆ ವಾರಂಟಿಯ ಅವಧಿಯನ್ನು ಎಷ್ಟು ಹೆಚ್ಚಿಸಿದರೂ ಪ್ರಯೋಜನ ಕಡಿಮೆ.

ವ್ಯವಸ್ಥೆ ಹೇಗಿದೆ ನೋಡಿ. ವಾರಂಟಿಯ ಭರವಸೆ ಕೊಡುವುದು ಕಂಪನಿ, ಕೆಲಸ ಮಾಡುವುದು ಡೀಲರ್. ಆ ಕೆಲಸದ ಮಜೂರಿಯನ್ನು ಡೀಲರ್‌ಗೆ ಕೊಡುವುದು ಕಂಪನಿ. ಯಾವ ಕೆಲಸಕ್ಕೆ ಎಷ್ಟು ಗಂಟೆ ಎಂದು ನಿಗದಿ ಮಾಡುವುದೂ ಕಂಪನಿಯೇ. ಎಂಜಿನ್ ಇಳಿಸಿ ಬಿಚ್ಚಬೇಕಾದರೆ ಮೊದಲು ಮೇಲಿನಿಂದ ಅಪ್ರೂವಲ್ ಬರಬೇಕು. ಅಪ್ರೂವಲ್ ಇಲ್ಲದೆ ಕೈಹಾಕಿ ಕ್ಲೇಮ್ ತಿರಸ್ಕಾರವಾದರೆ ಖರ್ಚು ಡೀಲರ್ ತಲೆಗೆ. ಹೀಗಿರುವಾಗ ಸರ್ವಿಸ್ ಅಡ್ವೈಸರ್ ಎಷ್ಟೇ ಪ್ರಾಮಾಣಿಕನಾಗಿದ್ದರೂ ಅಗ್ಗದ ದಾರಿಯನ್ನೇ ಮೊದಲು ಹಿಡಿಯುತ್ತಾನೆ: ಸಾಫ್ಟ್‌ವೇರ್ ಅಪ್‌ಡೇಟ್, ಆಯಿಲ್ ಬದಲು, ಇಂಜೆಕ್ಟರ್ ಕ್ಲೀನಿಂಗ್, ಕೊನೆಗೆ ‘ಸ್ವಲ್ಪ ದಿನ ಓಡಿಸಿ ನೋಡಿ ಸರ್’. ಸುಲಭದ ಕಾರಣಗಳನ್ನು ಮೊದಲು ತಳ್ಳಿಹಾಕುವುದು ತಾಂತ್ರಿಕವಾಗಿ ಸರಿಯೇ. ತೊಡಕಿರುವುದು ದೋಷದ ಸ್ವಭಾವದಲ್ಲಿ. ಬೆಳಗಿನ ಮೊದಲ ಸ್ಟಾರ್ಟ್‌ನಲ್ಲಿ ಮಾತ್ರ ಕೇಳುವ ಸದ್ದು, ಎಂಜಿನ್ ಬಿಸಿಯಾಗಿ ಕಾರು ಸರ್ವಿಸ್ ಸೆಂಟರ್ ತಲುಪುವಷ್ಟರಲ್ಲಿ ಅಡಗಿರುತ್ತದೆ. ಘಾಟಿ ಏರುವಾಗ ಕಾಣುವ ಪಿಕಪ್ ಕೊರತೆ ನಗರದ ರಸ್ತೆಯ ಟೆಸ್ಟ್ ಡ್ರೈವ್‌ನಲ್ಲಿ ಕಾಣುವುದಿಲ್ಲ. ಜಾಬ್ ಕಾರ್ಡ್‌ನಲ್ಲಿ ‘ತಪಾಸಿಸಲಾಗಿದೆ, ತೊಂದರೆ ಕಂಡುಬಂದಿಲ್ಲ’ ಎಂಬ ಸಾಲು ಸೇರುತ್ತದೆ. ಇಂಥ ಪ್ರತಿ ಸಾಲೂ ಮುಂದೆ ಮಾಲೀಕರ ವಿರುದ್ಧದ ಸಾಕ್ಷ್ಯವಾಗುತ್ತದೆ. ಅಷ್ಟರಲ್ಲಿ ವಾರಂಟಿಯ ದಿನಗಳೂ ಕರಗುತ್ತವೆ.

ಎಂಜಿನ್‌ನ ವಿಷಯದಲ್ಲಿ ಈ ತಡವೇ ಹಾನಿಯನ್ನು ಹೆಚ್ಚಿಸುತ್ತದೆ. ಪಿಸ್ಟನ್‌ನ ಏರಿಳಿತವನ್ನು ತಿರುಗುವಿಕೆಯಾಗಿಸುವ ಕ್ರ್ಯಾಂಕ್‌ಶಾಫ್ಟ್‌ಗೂ ಅದನ್ನು ಹಿಡಿದಿರುವ ಕನೆಕ್ಟಿಂಗ್ ರಾಡ್‌ಗೂ ನಡುವೆ ತೆಳು ಲೋಹದ ಬೇರಿಂಗ್‌ಗಳಿರುತ್ತವೆ. ಬೇರಿಂಗ್‌ಗೂ ಶಾಫ್ಟ್‌ಗೂ ಮಧ್ಯೆ ಇರುವ ಸಂದು ಮಿಲಿಮೀಟರಿನ ನೂರನೇ ಭಾಗಗಳಲ್ಲಿ ಅಳೆಯುವಂಥದ್ದು, ತಲೆಕೂದಲಿಗಿಂತ ಸಣ್ಣದು. ಆ ಸಂದಿನಲ್ಲಿ ಒತ್ತಡದಿಂದ ನಿಂತಿರುವ ಆಯಿಲ್ ಪದರವೇ ಎರಡು ಲೋಹಗಳನ್ನು ಒಂದಕ್ಕೊಂದು ತಾಗದಂತೆ ಕಾಯುತ್ತದೆ. ಆಯಿಲ್ ಹರಿವು ಕುಂದಿದರೆ ಬೇರಿಂಗ್ ಸವೆದು ‘ಟಕ್ ಟಕ್’ ಎಂಬ ಸದ್ದು ಏಳುತ್ತದೆ, ಸವೆದ ಪುಡಿ ಆಯಿಲ್ ಜತೆ ಸೇರಿ ಎಂಜಿನ್ ತುಂಬ ಸುತ್ತುತ್ತದೆ. ಹಳೆಯ ಆಯಿಲ್ ಫಿಲ್ಟರನ್ನು ಕೊಯ್ದು ಒಳಗಿನ ಕಾಗದದ ಮಡಿಕೆಗಳನ್ನು ಬಿಡಿಸಿ ಬೆಳಕಿಗೆ ಹಿಡಿದರೆ ಆ ಪುಡಿ ಮಿನುಗುವುದು ಬರಿಗಣ್ಣಿಗೇ ಕಾಣುತ್ತದೆ. ಅನುಭವಿ ಮೆಕ್ಯಾನಿಕ್‌ಗೆ ಇದು ಹತ್ತು ನಿಮಿಷದ ಕೆಲಸ. ಪುಡಿ ಕಂಡ ಮೇಲೆ ಬೇರಿಂಗ್ ಮಾತ್ರ ಬದಲಿಸಿ ಮುಚ್ಚಿದರೆ ಅದು ರಿಪೇರಿ ಎನಿಸುವುದಿಲ್ಲ. ಆಯಿಲ್ ಪಂಪ್, ಆಯಿಲ್ ಕೂಲರ್, ಟರ್ಬೊ, ಬ್ಲಾಕ್‌ನೊಳಗಿನ ಆಯಿಲ್ ನಾಳಗಳಲ್ಲಿ ಉಳಿದ ಕಣಗಳು ಹೊಸ ಬೇರಿಂಗನ್ನೂ ತಿನ್ನುತ್ತವೆ. ಎಲ್ಲವನ್ನೂ ಬಿಚ್ಚಿ ತೊಳೆಯಬೇಕು, ಇಲ್ಲವೇ ಬ್ಲಾಕ್ ಸಮೇತ ಎಂಜಿನ್ ಬದಲಾಯಿಸಬೇಕು. ಅರೆಬರೆ ರಿಪೇರಿಗೂ ಪೂರ್ಣ ರಿಪೇರಿಗೂ ಖರ್ಚಿನಲ್ಲಿ ಲಕ್ಷಗಳ ವ್ಯತ್ಯಾಸ ಬರಬಹುದು. ಎರಡರಲ್ಲಿ ಯಾವುದು ಬೇಕೆಂದು ತೀರ್ಮಾನಿಸುವವರು ಆ ಲಕ್ಷಗಳನ್ನು ಕೊಡಬೇಕಾದವರೇ ಆಗಿರುವುದು ಇಲ್ಲಿನ ಪೇಚು.

ಇದು ಬರೀ ಅನುಮಾನವಲ್ಲ ಎನ್ನುವುದಕ್ಕೆ ಜಗತ್ತು ಕಂಡ ದೊಡ್ಡ ಉದಾಹರಣೆ ಹ್ಯುಂಡೈ ಮತ್ತು ಕಿಯಾ ಕಂಪನಿಗಳ ‘ಥೀಟಾ 2’ ಪೆಟ್ರೋಲ್ ಎಂಜಿನ್. ಅಮೆರಿಕದ ಅಲಬಾಮ ಕಾರ್ಖಾನೆಯಲ್ಲಿ ಕ್ರ್ಯಾಂಕ್‌ಶಾಫ್ಟ್‌ನ ಆಯಿಲ್ ರಂಧ್ರ ಕೊರೆಯುವಾಗ ಉಳಿದ ಲೋಹದ ಚೂರು ಆಯಿಲ್ ಹರಿವಿಗೆ ಅಡ್ಡಬಂದು ಬೇರಿಂಗ್‌ಗಳು ಸವೆಯುತ್ತಿದ್ದವು. ಓಡುತ್ತಿರುವಾಗಲೇ ಎಂಜಿನ್ ನಿಂತುಹೋಗುವ ಅಪಾಯವಿತ್ತು. 2015ರ ಸೆಪ್ಟೆಂಬರ್‌ನಲ್ಲಿ ಸುಮಾರು 4.7 ಲಕ್ಷ ಸೊನಾಟಾ ಕಾರುಗಳನ್ನು ಹಿಂದಕ್ಕೆ ಕರೆಸಲಾಯಿತು. ಅಷ್ಟಕ್ಕೆ ಮುಗಿಯಬೇಕಿತ್ತು. ಆದರೆ ಇನ್ನೂ ಹಲವು ಮಾದರಿಗಳಲ್ಲಿ ತೊಂದರೆ ಇದೆಯೆಂದು ತೋರಿಸುವ ಕಂಪನಿಯ ಒಳಗಿನ ದಾಖಲೆಗಳನ್ನು 2016ರಲ್ಲಿ ಅಮೆರಿಕದ ರಸ್ತೆ ಸುರಕ್ಷತಾ ಇಲಾಖೆಗೆ ಒಪ್ಪಿಸಿದವರು ಹ್ಯುಂಡೈನಲ್ಲೇ ದುಡಿದ ಎಂಜಿನಿಯರ್ ಕಿಮ್ ಗ್ವಾಂಗ್-ಹೊ. 2017ರಲ್ಲಿ ಮತ್ತೆ ಸುಮಾರು 12 ಲಕ್ಷ ಕಾರುಗಳು ವಾಪಸಾದವು. ತಡ ಮಾಡಿದ್ದಕ್ಕೆ ಮತ್ತು ಸರಿಯಾದ ಮಾಹಿತಿ ಕೊಡದಿದ್ದಕ್ಕೆ 2020ರ ನವೆಂಬರ್‌ನಲ್ಲಿ ಎರಡೂ ಕಂಪನಿಗಳ ಮೇಲೆ ಒಟ್ಟು 21 ಕೋಟಿ ಡಾಲರ್ ಹೊರೆ ಬಿತ್ತು. ಮರುವರ್ಷ ಕಿಮ್ ಅವರಿಗೆ 2.4 ಕೋಟಿ ಡಾಲರ್‌ಗೂ ಹೆಚ್ಚಿನ ಬಹುಮಾನ ಸಂದಿತು. ಆಯಿಲ್ ಬದಲಾಯಿಸಿದ ರಸೀದಿ ಇಲ್ಲವೆಂದು ವಾರಂಟಿ ನಿರಾಕರಿಸುತ್ತಾರೆ ಎಂಬುದು ಮೊಕದ್ದಮೆ ಹೂಡಿದ ಮಾಲೀಕರ ಮುಖ್ಯ ದೂರುಗಳಲ್ಲಿ ಒಂದು. ಕೊನೆಗೆ ಆದ ರಾಜಿಯಲ್ಲಿ ಎಂಜಿನ್‌ನ ಕೆಳಭಾಗಕ್ಕೆ ಜೀವಾವಧಿ ವಾರಂಟಿ ಸಿಕ್ಕಿತು. ಮಾಲೀಕರು ಕಾರನ್ನು ತೀರಾ ಕಡೆಗಣಿಸಿದ್ದರೆ ಮಾತ್ರ ನಿರಾಕರಿಸಬಹುದೆಂಬ ಷರತ್ತೂ ಬಂತು. ತಾಂತ್ರಿಕ ಸತ್ಯ ಮೊದಲಿನಿಂದಲೂ ಎಂಜಿನ್ ಒಳಗೇ ಇತ್ತು. ಅದು ಹೊರಬರಲು ಒಳಗಿನವರೊಬ್ಬರ ಧೈರ್ಯ, ಸರ್ಕಾರದ ಒತ್ತಡ, ಸಾಮೂಹಿಕ ಮೊಕದ್ದಮೆ ಮೂರೂ ಬೇಕಾದವು.

ಇನ್ನೊಬ್ಬರಿಂದ ಪರೀಕ್ಷೆ ಮಾಡಿಸಿಕೊಂಡರಾಯಿತಲ್ಲ ಎನ್ನಬಹುದು. ಕಾಯಿಲೆಗೆ ಎರಡನೇ ವೈದ್ಯರ ಅಭಿಪ್ರಾಯ ಪಡೆಯುವಂತೆ ಎಂಜಿನ್‌ಗೂ ಪಡೆಯುವುದು ನ್ಯಾಯ. ಅದಕ್ಕೆ ಇರುವ ಅಡ್ಡಿಯನ್ನು ಭಾರತೀಯ ಸ್ಪರ್ಧಾ ಆಯೋಗ 2014ರ ಆಗಸ್ಟ್ 25ರ ಆದೇಶದಲ್ಲಿ ವಿವರವಾಗಿ ದಾಖಲಿಸಿತು. ಬಿಡಿಭಾಗ, ದುರಸ್ತಿ ಕೈಪಿಡಿ, ದೋಷ ಪತ್ತೆ ಮಾಡುವ ಉಪಕರಣಗಳನ್ನು ಹೊರಗಿನ ಗ್ಯಾರೇಜುಗಳಿಗೆ ಸಿಗದಂತೆ ಮಾಡಿದ್ದಕ್ಕೆ 14 ಕಾರು ಕಂಪನಿಗಳಿಗೆ ಆಯೋಗ ಒಟ್ಟು 2,544 ಕೋಟಿ ರೂಪಾಯಿಗೂ ಹೆಚ್ಚು ದಂಡ ಹಾಕಿತು. ಹೊರಗೆ ಕೆಲಸ ಮಾಡಿಸಿದರೆಂಬ ಒಂದೇ ನೆಪಕ್ಕೆ ಇಡೀ ವಾರಂಟಿ ರದ್ದು ಮಾಡುವಂತಿಲ್ಲ, ಆ ಕೆಲಸದಿಂದಲೇ ಆದ ಹಾನಿಯ ಮಟ್ಟಿಗೆ ಮಾತ್ರ ನಿರಾಕರಿಸಬಹುದು ಎಂದೂ ಹೇಳಿತು. ದಂಡದ ವಿಚಾರ ಮೇಲ್ಮನವಿಗೆ ಹೋಗಿ ಎಳೆದಾಡಿತು. ಶೋರೂಂ ಕೌಂಟರಿನಲ್ಲಿ ಹೆಚ್ಚು ಬದಲಾಗಲಿಲ್ಲ. ‘ಹೊರಗೆ ಬಿಚ್ಚಿಸಿದರೆ ವಾರಂಟಿ ಹೋಗುತ್ತದೆ’ ಎಂಬ ಒಂದು ಮಾತು ಸಾಕು, ಎರಡನೇ ಅಭಿಪ್ರಾಯದ ಯೋಚನೆಯನ್ನೇ ಮಾಲೀಕರು ಕೈಬಿಡುತ್ತಾರೆ.

ಹಾಗಾದರೆ ಕಾನೂನು ಏನು ಹೇಳುತ್ತದೆ? 2020ರ ಜುಲೈ 20ರಿಂದ ಜಾರಿಯಲ್ಲಿರುವ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಮೇಲ್ನೋಟಕ್ಕೆ ಉದಾರವಾಗಿದೆ. ಗುಣಮಟ್ಟದಲ್ಲಿ ಇರಬೇಕಾದುದಕ್ಕಿಂತ ಯಾವುದೇ ಕೊರತೆ ಇದ್ದರೂ ಅದು ದೋಷವೇ. ಖರೀದಿಸಿದ ಊರಿಗೆ ಓಡಬೇಕಿಲ್ಲ, ವಾಸವಿರುವ ಜಿಲ್ಲೆಯ ಆಯೋಗದಲ್ಲೇ ದೂರು ಕೊಡಬಹುದು. 50 ಲಕ್ಷ ರೂಪಾಯಿವರೆಗಿನ ಖರೀದಿಗೆ ಜಿಲ್ಲಾ ಆಯೋಗವೇ ಸಾಕು. 5 ಲಕ್ಷದವರೆಗೆ ಶುಲ್ಕವಿಲ್ಲ, ಅದರ ಮೇಲೂ ನೂರಾರು ರೂಪಾಯಿಯ ಮಾತು. ಆದರೆ ಎಂಜಿನ್ ಪ್ರಕರಣಕ್ಕೆ ಬಂದಾಗ ಹೆಜ್ಜೆ ಕುಸಿಯುತ್ತದೆ. ಹೊಸ ಕಾಯ್ದೆಯ ಹೆಮ್ಮೆಯ ಉತ್ಪನ್ನ ಹೊಣೆಗಾರಿಕೆಯ ಅಧ್ಯಾಯ, ಉತ್ಪನ್ನಕ್ಕೇ ಆದ ಹಾನಿಯನ್ನು ಹೊರಗಿಡುತ್ತದೆ. ಎಂಜಿನ್ ಕೆಟ್ಟು ಮೈಗೆ ಗಾಯವಾದರೆ ಆ ದಾರಿ ತೆರೆಯುತ್ತದೆ, ಎಂಜಿನ್ ಮಾತ್ರ ಕೆಟ್ಟರೆ ಇಲ್ಲ. ಉಳಿದದ್ದು ದೋಷವನ್ನು ಸಾಬೀತು ಮಾಡುವ ಹಳೆಯ ದಾರಿ. ಪರೀಕ್ಷೆಯಿಂದಲೇ ತಿಳಿಯಬೇಕಾದ ದೋಷವಾದರೆ ಆಯೋಗ ಸೂಕ್ತ ಪ್ರಯೋಗಾಲಯಕ್ಕೆ ಕಳಿಸಬೇಕು, 45 ದಿನದಲ್ಲಿ ವರದಿ ಬರಬೇಕು ಎಂದು 38ನೇ ಕಲಂ ಹೇಳುತ್ತದೆ. ಪರೀಕ್ಷೆಯ ಶುಲ್ಕವನ್ನು ಮೊದಲು ಕಟ್ಟಬೇಕಾದವರು ದೂರುದಾರರು. ಎಣ್ಣೆಯ ಡಬ್ಬಿಯನ್ನೋ ಬಿತ್ತನೆ ಬೀಜದ ಚೀಲವನ್ನೋ ಮೊಹರು ಮಾಡಿ ಕಳಿಸಲು ಬರೆದಂತಿರುವ ಈ ಕ್ರಮ ಒಂದು ಟನ್ನಿನ ಕಾರಿಗೆ ಒಗ್ಗುವುದು ಕಷ್ಟ.

ಸುಪ್ರೀಂ ಕೋರ್ಟ್‌ನ ಮೂರು ತೀರ್ಪುಗಳನ್ನು ಒಟ್ಟಿಗೆ ಓದಿದರೆ ಚಿತ್ರ ಸ್ಪಷ್ಟವಾಗುತ್ತದೆ. ಕ್ಲಚ್ ತಕರಾರಿನ ಮಾರುತಿ ಕಾರಿನ ಪ್ರಕರಣದಲ್ಲಿ 2006ರಲ್ಲಿ ನ್ಯಾಯಾಲಯ, ವಾರಂಟಿ ಮಾತು ಕೊಟ್ಟಿರುವುದು ಕೆಟ್ಟ ಭಾಗದ ದುರಸ್ತಿ ಅಥವಾ ಬದಲಾವಣೆಗೆ ಮಾತ್ರ ಆದ್ದರಿಂದ ಇಡೀ ಕಾರು ಬದಲಾಯಿಸಿಕೊಡಿ ಎನ್ನಲಾಗದು ಎಂದಿತು. ಎಂಜಿನ್ ಬದಲಾಯಿಸಿದ ಮೇಲೂ ತಕರಾರು ತೀರದ ಫಿಯಟ್ ಕಾರಿನ ಪ್ರಕರಣದಲ್ಲಿ 2010ರಲ್ಲಿ ಕೊಟ್ಟ ನಿರ್ದೇಶನ ಹೆಚ್ಚು ಹದವಾದದ್ದು: ಸ್ವತಂತ್ರ ತಾಂತ್ರಿಕ ತಜ್ಞರು ಪರೀಕ್ಷಿಸಲಿ, ತಯಾರಿಕೆಯಲ್ಲೇ ದೋಷ ಇದೆಯೆಂದು ಅವರು ಹೇಳಿದರೆ ಕಾರಿನ ಬೆಲೆ, ಜೀವಾವಧಿ ತೆರಿಗೆ, ಶೇ 12ರ ಬಡ್ಡಿ ಎಲ್ಲವನ್ನೂ ವಾಪಸ್ ಕೊಡಿ. ಬೆಲೆಯ ಶೇ 13ರಿಂದ 18ರವರೆಗೆ ಜೀವಾವಧಿ ತೆರಿಗೆ ಕಟ್ಟುವ ಕರ್ನಾಟಕದ ಮಾಲೀಕರಿಗೆ ಈ ತೆರಿಗೆಯ ಮಾತು ಸಣ್ಣದಲ್ಲ. ಮೂರನೆಯದು 2022ರ ಏಪ್ರಿಲ್‌ನದು. ಅಪಘಾತದಲ್ಲಿ ಏರ್‌ಬ್ಯಾಗ್ ತೆರೆಯದ ಹ್ಯುಂಡೈ ಕ್ರೆಟಾ ಪ್ರಕರಣದಲ್ಲಿ, ಡಿಕ್ಕಿಯ ವೇಗ ಮತ್ತು ಬಲವನ್ನು ಲೆಕ್ಕ ಹಾಕಲು ಗ್ರಾಹಕ ಭೌತಶಾಸ್ತ್ರದ ಪಂಡಿತನಾಗಿರಬೇಕಿಲ್ಲ ಎಂದು ನ್ಯಾಯಾಲಯ ಹೇಳಿ, ಕಾರು ಬದಲಾಯಿಸಿಕೊಡುವ ಆದೇಶವನ್ನು ಎತ್ತಿಹಿಡಿಯಿತು. ತಜ್ಞರ ವರದಿ ಇಲ್ಲದೆಯೂ ಘಟನೆಯೇ ಸಾಕ್ಷಿ ನುಡಿಯಬಲ್ಲದು ಎಂಬ ಈ ತರ್ಕ ಎಂಜಿನ್‌ಗೂ ಸಲ್ಲಬೇಕು. ಕಂಪನಿಯದೇ ಸರ್ವಿಸ್ ಸೆಂಟರಿನಲ್ಲಿ ಕಾಲಕಾಲಕ್ಕೆ ಸರ್ವಿಸ್ ಆದ ಕಾರು ಒಂದು ವರ್ಷದೊಳಗೆ ಎಂಜಿನ್ ಸೀಜ್ ಆಗಿ ನಿಂತರೆ, ಏಕೆ ನಿಂತಿತೆಂದು ವಿವರಿಸಬೇಕಾದವರು ತಯಾರಿಸಿದವರು.

ಬೇರೆ ದೇಶಗಳು ಇದನ್ನು ನ್ಯಾಯಾಧೀಶರ ವಿವೇಚನೆಗೆ ಬಿಡದೆ ಕಾನೂನಿನಲ್ಲೇ ಬರೆದಿಟ್ಟಿವೆ. ಬ್ರಿಟನ್ನಿನ 2015ರ ಗ್ರಾಹಕ ಹಕ್ಕುಗಳ ಕಾಯ್ದೆಯಲ್ಲಿ, ಮೊದಲ 6 ತಿಂಗಳಲ್ಲಿ ಕಂಡ ದೋಷ ಮಾರಾಟದ ದಿನವೇ ಇತ್ತೆಂದು ಭಾವಿಸಲಾಗುತ್ತದೆ. ಇರಲಿಲ್ಲವೆಂದು ತೋರಿಸುವ ಹೊಣೆ ಮಾರಿದವರದು. ಒಂದು ಸಲ ರಿಪೇರಿಗೆ ಅವಕಾಶ ಕೊಟ್ಟ ಮೇಲೂ ಸರಿಹೋಗದಿದ್ದರೆ ಕಾರು ಹಿಂತಿರುಗಿಸುವ ಹಕ್ಕು ಹುಟ್ಟುತ್ತದೆ. ಐರೋಪ್ಯ ಒಕ್ಕೂಟದ 2019ರ ನಿರ್ದೇಶನ ಈ ಅವಧಿಯನ್ನು ಕನಿಷ್ಠ ಒಂದು ವರ್ಷಕ್ಕೆ ಏರಿಸಿದೆ. ಕ್ಯಾಲಿಫೋರ್ನಿಯದಲ್ಲಿ ಲೆಕ್ಕ ಇನ್ನೂ ಖಚಿತ: ಮೊದಲ 18 ತಿಂಗಳು ಅಥವಾ 18,000 ಮೈಲಿಯೊಳಗೆ ಒಂದೇ ದೋಷಕ್ಕೆ 4 ಸಲ, ಜೀವಾಪಾಯದ ದೋಷವಾದರೆ 2 ಸಲ ರಿಪೇರಿಗೆ ಯತ್ನಿಸಿದ್ದರೆ, ಇಲ್ಲವೇ ಕಾರು ಒಟ್ಟು 30 ದಿನಕ್ಕಿಂತ ಹೆಚ್ಚು ಗ್ಯಾರೇಜಿನಲ್ಲಿ ಕಳೆದಿದ್ದರೆ, ಕಂಪನಿಗೆ ಸಾಕಷ್ಟು ಅವಕಾಶ ಕೊಟ್ಟಾಗಿದೆ ಎಂದೇ ಕಾನೂನು ಭಾವಿಸುತ್ತದೆ. ಈ ಕಾನೂನುಗಳು ಎಂಜಿನ್ ಬಗ್ಗೆ ಏನನ್ನೂ ಹೇಳುವುದಿಲ್ಲ. ಎಷ್ಟು ದಿನ, ಎಷ್ಟು ಸಲ, ಯಾರ ಮೇಲೆ ಹೊಣೆ ಎಂಬುದನ್ನಷ್ಟೇ ನಿಗದಿ ಮಾಡುತ್ತವೆ. ಅಷ್ಟರಿಂದಲೇ ‘ಇನ್ನೂ ಸ್ವಲ್ಪ ದಿನ ಓಡಿಸಿ ನೋಡಿ’ ಎನ್ನುವುದು ಕಂಪನಿಗೆ ದುಬಾರಿಯಾಗುತ್ತದೆ.

ಇದಕ್ಕೆ ಬರುವ ಮೊದಲ ಆಕ್ಷೇಪ ತೂಕದ್ದೇ. ಎಷ್ಟೋ ಎಂಜಿನ್‌ಗಳು ಹಾಳಾಗುವುದು ಮಾಲೀಕರ ಅಜಾಗರೂಕತೆಯಿಂದ. ಆಯಿಲ್ ಬದಲಾಯಿಸದೆ ಓಡಿಸುವವರು, ಟೆಂಪರೇಚರ್ ಮುಳ್ಳು ಏರಿದರೂ ನಿಲ್ಲಿಸದವರು, ಮಳೆಗಾಲದಲ್ಲಿ ಅಂಡರ್‌ಪಾಸ್‌ನ ನೀರಿಗೆ ಕಾರು ನುಗ್ಗಿಸುವವರು ಇದ್ದಾರೆ. ಸಿಲಿಂಡರಿಗೆ ನೀರು ಹೊಕ್ಕು ಕನೆಕ್ಟಿಂಗ್ ರಾಡ್ ಬಾಗಿದರೆ ಅದು ವಾರಂಟಿಗೆ ಸೇರಿದ್ದಲ್ಲ, ವಿಮೆಯ ಎಂಜಿನ್ ರಕ್ಷಣೆಗೆ ಸೇರಿದ್ದು. ಅಲ್ಲಿ ಕಂಪನಿಯ ಮಾತೇ ಸರಿ. ಆದರೆ ಇಂಥ ತಪ್ಪುಗಳು ಗುರುತು ಬಿಟ್ಟೇ ಹೋಗುತ್ತವೆ. ಬಾಗಿದ ರಾಡ್, ಆಯಿಲ್ ಗಟ್ಟಿಯಾಗಿ ಕಟ್ಟಿದ ಕೆಸರು, ಎಂಜಿನ್ ನಿಯಂತ್ರಿಸುವ ಕಂಪ್ಯೂಟರಿನ (ಇಸಿಯು) ನೆನಪಿನಲ್ಲಿ ದಾಖಲಾದ ದೋಷ ಸಂಕೇತಗಳು, ಯಾವ ಕಿ.ಮೀ.ಗೆ ಯಾವ ಸರ್ವಿಸ್ ಎಂಬ ದಾಖಲೆ ಎಲ್ಲವೂ ಕಂಪನಿಯ ಕೈಯಲ್ಲೋ ಅದರ ಕಂಪ್ಯೂಟರಿನಲ್ಲೋ ಇವೆ. ಒಂದು ಸಂಗತಿ ಯಾರಿಗೆ ವಿಶೇಷವಾಗಿ ತಿಳಿದಿದೆಯೋ ಅದನ್ನು ಸಾಬೀತು ಮಾಡುವ ಹೊಣೆ ಅವರದೇ ಎಂಬುದು 1872ರ ಸಾಕ್ಷ್ಯ ಕಾಯ್ದೆಯ ಕಾಲದಿಂದ ಬಂದ ತತ್ವ. ಮಾಲೀಕರ ತಪ್ಪಿದ್ದರೆ ತೋರಿಸುವುದು ಕಂಪನಿಗೆ ಸುಲಭ. ಕಂಪನಿಯ ತಪ್ಪನ್ನು ತೋರಿಸುವುದು ಮಾಲೀಕರಿಗೆ ಬಹುತೇಕ ಅಸಾಧ್ಯ.

ಬಳಕೆಯ ರೀತಿಯನ್ನು ದೂರುವಾಗಲೂ ಎಚ್ಚರ ಬೇಕು. ಬಿಎಸ್-6 ಡೀಸೆಲ್ ಕಾರುಗಳ ಹೊಗೆ ಕೊಳವೆಯಲ್ಲಿ ಮಸಿ ಹಿಡಿಯುವ ಫಿಲ್ಟರ್ ಇರುತ್ತದೆ. ಅದರಲ್ಲಿ ಕೂಡಿದ ಮಸಿಯನ್ನು ಸುಡಲು ಎಂಜಿನ್ ಹೆಚ್ಚುವರಿ ಡೀಸೆಲ್ ಚಿಮ್ಮಿಸುತ್ತದೆ. ದಿನವೂ ಸಣ್ಣ ದೂರ, ಟ್ರಾಫಿಕ್‌ನಲ್ಲಿ ತೆವಳುವ ಓಡಾಟವಾದರೆ ಈ ಸುಡುವಿಕೆ ಅರ್ಧಕ್ಕೆ ನಿಲ್ಲುತ್ತದೆ, ಡೀಸೆಲ್ ಸಿಲಿಂಡರಿನ ಗೋಡೆಯಿಂದ ಇಳಿದು ಆಯಿಲ್ ಸೇರುತ್ತದೆ. ಡಿಪ್‌ಸ್ಟಿಕ್ ಎಳೆದು ಒರೆಸಿ ನೋಡಿದರೆ ಆಯಿಲ್ ಕಡಿಮೆಯಾಗುವ ಬದಲು ಮೇಲಿನ ಗೆರೆ ದಾಟಿರುತ್ತದೆ, ಮೂಸಿದರೆ ಡೀಸೆಲ್ ವಾಸನೆ. ತೆಳುವಾದ ಆ ಆಯಿಲ್ ಬೇರಿಂಗ್‌ಗಳನ್ನು ಕಾಯಲಾರದು. ‘ನೀವು ಹೈವೇಯಲ್ಲಿ ಓಡಿಸಬೇಕಿತ್ತು’ ಎಂದು ಆಗ ಹೇಳುವವರು, ಬೆಂಗಳೂರಿನ ಶೋರೂಂನಲ್ಲಿ ಅದೇ ಕಾರನ್ನು ನಗರದ ಓಡಾಟಕ್ಕೆಂದೇ ಮಾರಿದವರು. ಇಂಧನದ ಮಾತೂ ಹೀಗೆಯೇ. ಶೇ 20 ಎಥನಾಲ್ ಬೆರೆತ ಪೆಟ್ರೋಲನ್ನು 2023ರ ಫೆಬ್ರುವರಿ 6ರಂದು ಪ್ರಧಾನಿ ಬಿಡುಗಡೆ ಮಾಡಿದ್ದು ಬೆಂಗಳೂರಿನಲ್ಲೇ. ಈಗ ಬಂಕ್‌ಗಳಲ್ಲಿ ಸಾಮಾನ್ಯವಾಗಿ ಸಿಗುವುದು ಅದೇ. ಆಯ್ಕೆಯೇ ಇಲ್ಲದ ಇಂಧನಕ್ಕೆ ಮಾಲೀಕರನ್ನು ಹೊಣೆ ಮಾಡುವುದು ತರವಲ್ಲ.

ಎರಡನೇ ಆಕ್ಷೇಪ ಬೆಲೆಯದು: ಹೊಣೆ ಕಂಪನಿಯ ಮೇಲೆ ಬಿದ್ದರೆ ಕಾರು ತುಟ್ಟಿಯಾಗುತ್ತದೆ, ಸುಳ್ಳು ಕ್ಲೇಮ್‌ಗಳೂ ಹೆಚ್ಚುತ್ತವೆ ಎನ್ನುತ್ತಾರೆ. ವಾರಂಟಿಯ ಖರ್ಚು ಈಗಲೂ ಕಾರಿನ ಬೆಲೆಯಲ್ಲೇ ಸೇರಿದೆ, ಕೊಂಡವರು ಅದನ್ನು ಮುಂಗಡ ಕಟ್ಟಿಯಾಗಿದೆ. ಕಟ್ಟಿದ್ದಕ್ಕೆ ಸರಿಯಾದ ಕೆಲಸ ಕೇಳುವುದು ಹೆಚ್ಚುವರಿ ಬೇಡಿಕೆ ಆಗದು. ಸುಳ್ಳು ಕ್ಲೇಮ್ ತಡೆಯಲು ಸ್ವತಂತ್ರ ತಪಾಸಣೆಗಿಂತ ಒಳ್ಳೆಯ ಉಪಾಯವೂ ಇಲ್ಲ. ಮೂರನೇ ಆಕ್ಷೇಪ, ಇರುವ ಕಾನೂನೇ ಸಾಕು ಎಂಬುದು. 2019ರಲ್ಲಿ ಮೋಟಾರು ವಾಹನ ಕಾಯ್ದೆಗೆ ಸೇರಿದ 110ಎ ಕಲಂ ದೋಷಪೂರಿತ ವಾಹನಗಳನ್ನು ಕಡ್ಡಾಯವಾಗಿ ಹಿಂದಕ್ಕೆ ಕರೆಸುವ ಅಧಿಕಾರ ಕೊಟ್ಟಿದೆ ನಿಜ. ಅದು ಪರಿಸರಕ್ಕೋ ಜೀವಕ್ಕೋ ಅಪಾಯವಿದ್ದಾಗ ಬರುವ ಅಸ್ತ್ರ, ಒಂದೇ ಬಗೆಯ ದೂರುಗಳು ರಾಶಿ ಬಿದ್ದಾಗ ಏಳುವಂಥದ್ದು. ಒಂಟಿ ಮಾಲೀಕರ ಆಯಿಲ್ ಕುಡಿಯುವ ಎಂಜಿನ್ ಅದರ ಕಣ್ಣಿಗೆ ಬೀಳುವುದಿಲ್ಲ. ಗ್ರಾಹಕ ಆಯೋಗಗಳು ದೂರನ್ನು 3 ತಿಂಗಳಲ್ಲಿ, ಪರೀಕ್ಷೆ ಬೇಕಾದರೆ 5 ತಿಂಗಳಲ್ಲಿ ಮುಗಿಸಲು ಯತ್ನಿಸಬೇಕೆಂದು ಕಾಯ್ದೆ ಹೇಳುತ್ತದೆ. ಜಿಲ್ಲೆಯಿಂದ ರಾಜ್ಯಕ್ಕೆ, ಅಲ್ಲಿಂದ ರಾಷ್ಟ್ರೀಯ ಆಯೋಗಕ್ಕೆ ಮೇಲ್ಮನವಿ ಹತ್ತುವ ಪ್ರಕರಣದಲ್ಲಿ ಆ ಗಡುವು ಕಾಗದದ ಮೇಲೆ ಉಳಿಯುತ್ತದೆ. ಕೋರ್ಟಿನಲ್ಲಿ ಗೆದ್ದವನು ಸೋತ, ಸೋತವನು ಸತ್ತ ಎಂಬ ನಮ್ಮ ಗಾದೆ, ಸಾಲದ ಕಂತು ಕಟ್ಟುತ್ತ ಕಾರನ್ನು ಡೀಲರ್ ಅಂಗಳದಲ್ಲಿ ಬಿಟ್ಟವರಿಗೆ ಅಕ್ಷರಶಃ ಹೊಂದುತ್ತದೆ.

ಆಗಬೇಕಾದ್ದು ಮೂರು ಬದಲಾವಣೆ. ಮಾರಾಟವಾದ ಮೊದಲ ವರ್ಷ ಎಂಜಿನ್ ಮತ್ತು ಗೇರ್‌ಬಾಕ್ಸ್‌ನಲ್ಲಿ ಕಂಡ ದೋಷ ತಯಾರಿಕೆಯದೇ ಎಂದು ಕಾನೂನು ಭಾವಿಸಲಿ, ಅಲ್ಲವೆಂದು ತೋರಿಸುವ ಹೊಣೆ ಕಂಪನಿಗಿರಲಿ. ಒಂದೇ ದೋಷಕ್ಕೆ ಎಷ್ಟು ಯತ್ನ, ಎಷ್ಟು ದಿನ ಎಂಬ ಮಿತಿ ಸಂಖ್ಯೆಯಲ್ಲಿ ಇರಲಿ; ದಾಟಿದರೆ ಹೊಸ ಎಂಜಿನ್ ಅಥವಾ ಹಣ ವಾಪಸ್. ತಪಾಸಣೆಗೆ ಪ್ರತಿ ಜಿಲ್ಲಾ ಆಯೋಗದ ಬಳಿ ಸ್ವತಂತ್ರ ತಜ್ಞರ ಪಟ್ಟಿ ಇರಲಿ. ಎಂಜಿನಿಯರಿಂಗ್ ಕಾಲೇಜುಗಳಿಗೆ ಬರವಿಲ್ಲದ ಕರ್ನಾಟಕದಲ್ಲಿ ಮೆಕ್ಯಾನಿಕಲ್ ವಿಭಾಗಗಳ ಪ್ರಾಧ್ಯಾಪಕರನ್ನೂ ಮೋಟಾರು ವಾಹನ ನಿರೀಕ್ಷಕರನ್ನೂ ಸೇರಿಸಿ ಇಂಥ ಪಟ್ಟಿ ಮಾಡುವುದು ದೊಡ್ಡ ಕೆಲಸವೇನಲ್ಲ. ಅಲ್ಲಿಯವರೆಗೆ ಮಾಲೀಕರು ತಮ್ಮ ಸಾಕ್ಷ್ಯವನ್ನು ತಾವೇ ಕಟ್ಟಿಕೊಳ್ಳಬೇಕು. ದೂರನ್ನು ಬಾಯಲ್ಲಿ ಹೇಳದೆ ಯಾವಾಗ, ಯಾವ ವೇಗದಲ್ಲಿ, ಎಂಜಿನ್ ತಣ್ಣಗಿದ್ದಾಗಲೋ ಬಿಸಿಯಾದಾಗಲೋ ಎಂಬ ವಿವರದೊಂದಿಗೆ ಜಾಬ್ ಕಾರ್ಡ್‌ನಲ್ಲೇ ಬರೆಸಬೇಕು. ದೋಷ ಸಂಕೇತಗಳ ಪ್ರತಿಯನ್ನು ಅಳಿಸುವ ಮೊದಲೇ ಕೇಳಿ ಪಡೆಯಬೇಕು. ಸದ್ದನ್ನು ಮೊಬೈಲಿನಲ್ಲಿ ಧ್ವನಿಮುದ್ರಿಸಿ ಕಂಪನಿಗೆ ಇ-ಮೇಲ್ ಮಾಡಬೇಕು. ವಾರಂಟಿ ನಿರಾಕರಿಸಿದರೆ ಕಾರಣವನ್ನು ಲಿಖಿತವಾಗಿ ಕೇಳಬೇಕು. ಎಂಜಿನ್ ಬದಲಾಯಿಸಿದರೆ ಆರ್‌ಸಿಯಲ್ಲಿ ಹೊಸ ಎಂಜಿನ್ ಸಂಖ್ಯೆ ಸೇರಿಸಲು ಬೇಕಾದ ದಾಖಲೆಗಳನ್ನೂ ಕೈಯಲ್ಲಿ ಹಿಡಿದೇ ಹೊರಡಬೇಕು. 1915 ಗ್ರಾಹಕ ಸಹಾಯವಾಣಿಗೆ ಕೊಟ್ಟ ದೂರಿನ ಸಂಖ್ಯೆಯೂ ಈ ಕಡತದಲ್ಲಿರಲಿ. ದೋಷ ಕಂಡಾಗಿನಿಂದ ಎರಡು ವರ್ಷದೊಳಗೆ ಆಯೋಗದ ಬಾಗಿಲು ತಟ್ಟದಿದ್ದರೆ ಹಕ್ಕೇ ಕಳೆದುಹೋಗಬಹುದು. ಇಷ್ಟೆಲ್ಲ ಮಾಡಲು ಕಾರು ಕೊಂಡವರೆಲ್ಲರಿಗೂ ಬಿಡುವೂ ತಿಳಿವಳಿಕೆಯೂ ಇರುವುದಿಲ್ಲ. ಕೊಟ್ಟ ಮಾತು ಉಳಿಸಿಕೊಂಡೆನೆಂದು ತೋರಿಸುವ ಕೆಲಸ ಮಾತು ಕೊಟ್ಟವರದೇ ಆಗಲಿ ಎಂದು ಕಾನೂನು ಬರೆಯಬೇಕಾಗಿರುವುದು ಅಂಥವರಿಗಾಗಿಯೇ.